ಲೋ ಕಾರ್ಬ್ ಡಯಟ್‌ನಲ್ಲಿ ವೈನ್ ಆರಿಸುವುದು ಹೇಗೆ? ಈಸ್ಟ್ ಎಷ್ಟು ಸಕ್ಕರೆ ಬಿಟ್ಟಿದೆ ಅಂತ ನೋಡಿ

"ಅಣ್ಣಾ, ಡ್ರೈ ವೈನ್ ಇದೆಯಾ?" ಅಂತ ಕೇಳಿದೆ, ಸಿಹಿ ಇಲ್ಲದ್ದು ಬೇಕಿತ್ತು. ಕೌಂಟರ್‌ನಲ್ಲಿದ್ದವರು ಗೋಡೆ ಮೇಲಿನ ಕ್ಯಾಲೆಂಡರ್ ಕಡೆ ಒಮ್ಮೆ ನೋಡಿ, "ಇವತ್ತು ಡ್ರೈ ಡೇ ಅಲ್ಲ ಮೇಡಂ, ಎಲ್ಲಾ ಸಿಗುತ್ತೆ" ಅಂದರು. ನಗು ತಡೆದುಕೊಂಡು ಅವರು ಕೊಟ್ಟ ಬಾಟಲಿ ತಂದೆ. ಮನೆಗೆ ಬಂದು ತೆರೆದರೆ ದ್ರಾಕ್ಷಿ ಶರಬತ್ತು! ಲೇಬಲ್ ಮೇಲೆ ಚೆನ್ನಾಗಿಯೇ 'ಪೋರ್ಟ್' ಅಂತ ಬರೆದಿತ್ತು, ನೋಡದೆ ತಂದದ್ದು ನನ್ನದೇ ತಪ್ಪು. ಲೋ ಕಾರ್ಬ್, ಅಂದರೆ ಪಿಷ್ಟ, ಸಕ್ಕರೆ ಕಡಿಮೆ ಮಾಡುವ ಡಯಟ್ ಅಂತ ಅನ್ನ, ಮುದ್ದೆ, ಚಪಾತಿ ಬಿಟ್ಟು ಎರಡು ತಿಂಗಳಾಗಿತ್ತು, ಬೆಳಗಿನ ಕಾಫಿಗೂ ಸಕ್ಕರೆ ಇಲ್ಲ, ಅಂಥದ್ದರಲ್ಲಿ ಒಂದೇ ಗ್ಲಾಸಿನಲ್ಲಿ ಮೂರು ಚಮಚ ಸಕ್ಕರೆ ಹೊಟ್ಟೆಗೆ ಹೋಯಿತು.

ನಮ್ಮೂರಲ್ಲಿ ಬೋರ್ಡ್ ಮೇಲೆ 'ವೈನ್ಸ್' ಅಂತ ದೊಡ್ಡದಾಗಿ ಬರೆದಿರುತ್ತಾರೆ. ಒಳಗೆ ಹೋದರೆ ರಮ್ಮು, ವಿಸ್ಕಿ, ಬ್ರಾಂದಿ, ಬಿಯರ್. ವೈನ್ ಮಾತ್ರ ಮೂಲೆಯ ಒಂದು ಹಲಗೆ ಮೇಲೆ ಧೂಳು ಹಿಡಿದು ಕೂತಿರುತ್ತದೆ, ಅಲ್ವಾ? ಹಾಗಾಗಿ ಅಂಗಡಿಯವರನ್ನು ಕೇಳಿ ಪ್ರಯೋಜನ ಕಡಿಮೆ, ನಾವೇ ಸ್ವಲ್ಪ ಕಲಿತುಕೊಳ್ಳಬೇಕು. ನಾನು ಎಡವಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕುಡಿಯುವ ಅಭ್ಯಾಸವೇ ಇಲ್ಲದವರು ಇದನ್ನು ಓದಿ ಶುರು ಮಾಡಬೇಡಿ. ಇಷ್ಟು ಕುಡಿದರೆ ಅಪಾಯವೇ ಇಲ್ಲ ಅನ್ನುವ ಅಳತೆ ಯಾವುದೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ಇದು ಹೇಗೂ ಕುಡಿಯುವವರಿಗೆ, ಅದೂ ಆಗೊಮ್ಮೆ ಈಗೊಮ್ಮೆ ಕುಡಿಯುವವರಿಗೆ.

ಹೆಜ್ಜೆ 1: ಮೊದಲು ಮಾತ್ರೆ ಡಬ್ಬ ನೋಡಿ

ಇದನ್ನು ಕೊನೆಗೆ ಹಾಕಿದರೆ ಯಾರೂ ಓದುವುದಿಲ್ಲ, ಅದಕ್ಕೇ ಮೊದಲು ಹಾಕಿದ್ದೇನೆ. ಲೋ ಕಾರ್ಬ್ ಮಾಡುವವರಲ್ಲಿ ಶುಗರ್ ಇರುವವರೂ ಇರುತ್ತಾರೆ. ರಕ್ತದಲ್ಲಿ ಸಕ್ಕರೆ ಕಡಿಮೆಯಾದಾಗ ಲಿವರ್ ತಾನೇ ಸಕ್ಕರೆ ತಯಾರಿಸಿ ಬಿಡುತ್ತದೆ. ಆಲ್ಕೋಹಾಲ್ ಒಳಗೆ ಹೋದ ತಕ್ಷಣ ಅದು ಈ ಕೆಲಸ ಬದಿಗಿಟ್ಟು ಆಲ್ಕೋಹಾಲ್ ಸುಡುವುದಕ್ಕೆ ನಿಲ್ಲುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಥರದ ಮಾತ್ರೆ ನುಂಗುವವರು, ಊಟದಲ್ಲಿ ಅನ್ನವನ್ನೂ ಬಿಟ್ಟು ಖಾಲಿ ಹೊಟ್ಟೆಯಲ್ಲಿ ವೈನ್ ಕುಡಿದರೆ ರಾತ್ರಿ ಮಲಗಿದ್ದಾಗ ಶುಗರ್ ಪೂರಾ ಇಳಿದುಬಿಡಬಹುದು. ಹೊರಗಿನಿಂದ ನೋಡಿದವರಿಗೆ ಅದು ಕುಡಿದ ಮತ್ತಿನ ಹಾಗೇ ಕಾಣುತ್ತದೆ, ಅದೇ ದೊಡ್ಡ ಅಪಾಯ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆ ತೆಗೆದುಕೊಳ್ಳುವವರ ಕಥೆ ಬೇರೆ. ಆ ಮಾತ್ರೆ, ಕಾರ್ಬ್ ಇಲ್ಲದ ಊಟ, ಮೇಲೆ ಕುಡಿತ, ಈ ಮೂರೂ ಸೇರಿದರೆ ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ರಕ್ತದಲ್ಲಿ ಏರಿ ಆಮ್ಲ ಜಾಸ್ತಿಯಾಗುವ ಅಪಾಯ ಇದೆ, ಶುಗರ್ ರೀಡಿಂಗ್ ನಾರ್ಮಲ್ ಹತ್ತಿರ ಇದ್ದಾಗಲೂ. ಇಂಥ ಯಾವುದೇ ಮಾತ್ರೆ ಇದ್ದರೆ ವೈನ್ ಆರಿಸುವ ಮೊದಲು ಡಾಕ್ಟರನ್ನು ಕೇಳಿ. ಮುಚ್ಚಿಡಬೇಡಿ, ಅವರು ಬೈದರೆ ಬೈಯಲಿ.

ಹೆಜ್ಜೆ 2: ಈಸ್ಟ್ ಮಾಡುವ ಕೆಲಸ ಅರ್ಥ ಮಾಡಿಕೊಳ್ಳಿ

ದೋಸೆ ಹಿಟ್ಟು ಹುದುಗು ಬರುವುದು ನೋಡಿದ್ದೀರಲ್ಲ, ಇದೂ ಹೆಚ್ಚು ಕಡಿಮೆ ಅದೇ ಸಂಗತಿ. ದ್ರಾಕ್ಷಿ ರಸದಲ್ಲಿ ಲೀಟರಿಗೆ 200 ಗ್ರಾಂಗಿಂತ ಜಾಸ್ತಿ ಸಕ್ಕರೆ ಇರುತ್ತದೆ. ಈಸ್ಟ್ ಅದನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಸುಮಾರು 17 ಗ್ರಾಂ ಸಕ್ಕರೆ ತಿಂದರೆ ಒಂದು ಲೀಟರ್ ವೈನ್‌ನಲ್ಲಿ 1 ಶೇಕಡಾ ಆಲ್ಕೋಹಾಲ್. ಪೂರ್ತಿ ತಿಂದು ಮುಗಿಸಿದರೆ ಅದು ಡ್ರೈ ವೈನ್. ನಡುವೆಯೇ ನಿಲ್ಲಿಸಿದರೆ ತಿನ್ನದೇ ಬಿಟ್ಟ ಸಕ್ಕರೆ ಬಾಟಲಿಯಲ್ಲೇ ಉಳಿಯುತ್ತದೆ. ಇದಕ್ಕೆ ವೈನರಿಯವರು ರೆಸಿಡ್ಯುಯಲ್ ಶುಗರ್ ಅನ್ನುತ್ತಾರೆ, ಚಿಕ್ಕದಾಗಿ ಆರ್‌ಎಸ್. ನಮಗೆ ಬೇಕಾದದ್ದು ಈ ಒಂದು ನಂಬರ್. ಕೆಂಪೋ ಬಿಳಿಯೋ, ದುಬಾರಿಯೋ ಅಗ್ಗವೋ, ಇಂಡಿಯಾದ್ದೋ ಫಾರಿನ್ನೋ, ಅದೆಲ್ಲ ಆಮೇಲೆ.

ಲೆಕ್ಕ ಸುಲಭ. ಆರ್‌ಎಸ್ ಲೀಟರಿಗೆ 2 ಗ್ರಾಂ ಇದ್ದರೆ 150 ಎಂಎಲ್ ಗ್ಲಾಸಿನಲ್ಲಿ 0.3 ಗ್ರಾಂ ಸಕ್ಕರೆ, ಏನೂ ಅಲ್ಲ. 30 ಗ್ರಾಂ ಇದ್ದರೆ ಗ್ಲಾಸಿಗೆ 4.5 ಗ್ರಾಂ, ಅಂದರೆ ಒಂದು ಟೀ ಚಮಚ. 100 ಗ್ರಾಂ ಇದ್ದರೆ ಗ್ಲಾಸಿಗೆ 15 ಗ್ರಾಂ. ಇನ್ನು ದಿನಕ್ಕೆ 20 ಗ್ರಾಂ ಕಾರ್ಬ್ ಅಂತ ಕೀಟೋ ಮಾಡುವವರ ದಿನ ಅಲ್ಲಿಗೇ ಹೆಚ್ಚು ಕಡಿಮೆ ಮುಗಿಯಿತು.

ಆದರೆ ಡಯಟ್ ಆ್ಯಪ್‌ನಲ್ಲಿ ಒಂದು ಗ್ಲಾಸ್ ರೆಡ್ ವೈನ್ ಅಂತ ಹಾಕಿದರೆ 3 ರಿಂದ 4 ಗ್ರಾಂ ಕಾರ್ಬ್ ತೋರಿಸುತ್ತದೆ. ಸಕ್ಕರೆ 0.3 ಗ್ರಾಂ ಅಂದ ಮೇಲೆ ಇದು ಎಲ್ಲಿಂದ ಬಂತು? ನನಗೂ ತಲೆ ಕೆಟ್ಟಿತ್ತು. ಆಹಾರದ ಪಟ್ಟಿಗಳಲ್ಲಿ ಕಾರ್ಬನ್ನು ಹೆಚ್ಚಾಗಿ ನೇರವಾಗಿ ಅಳೆಯುವುದಿಲ್ಲ. ನೀರು, ಪ್ರೋಟೀನ್, ಕೊಬ್ಬು, ಬೂದಿ (ಅಂದರೆ ಸುಟ್ಟರೆ ಉಳಿಯುವ ಖನಿಜ), ಆಲ್ಕೋಹಾಲ್ ಎಲ್ಲವನ್ನೂ ಕಳೆದು ಮಿಕ್ಕಿದ್ದನ್ನು ಕಾರ್ಬ್ ಅಂತ ಬರೆದುಬಿಡುತ್ತಾರೆ. ವೈನ್‌ನಲ್ಲಿ ಹಾಗೆ ಮಿಕ್ಕುವುದರಲ್ಲಿ ಹುಳಿಯ ಆಮ್ಲಗಳು, ಈಸ್ಟ್ ಮಾಡುವ ಗ್ಲಿಸರಾಲ್ ಅನ್ನುವ ಅಂಟು ದ್ರವ ಎಲ್ಲಾ ಸೇರಿಕೊಂಡಿರುತ್ತವೆ. ಅವು ಸಕ್ಕರೆಯ ಹಾಗೆ ಶುಗರ್ ಏರಿಸುವುದಿಲ್ಲ. ನಾನು ಡೈರಿಯಲ್ಲಿ ಡ್ರೈ ವೈನ್ ಒಂದು ಗ್ಲಾಸಿಗೆ 3 ಗ್ರಾಂ ಅಂತ ಬರೆದು ಸುಮ್ಮನಾಗುತ್ತೇನೆ, ಅರ್ಧ ಗ್ರಾಂಗೆ ಜಗಳ ಆಡುವುದಿಲ್ಲ.

ಹೆಜ್ಜೆ 3: ಲೇಬಲ್ ಓದಿ, ಆದರೆ ಪದಗಳನ್ನು ಪೂರ್ತಿ ನಂಬಬೇಡಿ

ಸಾದಾ ವೈನ್ ಮೇಲೆ 'ಡ್ರೈ' ಅಂತ ಇದ್ದರೆ ಒಳ್ಳೆಯದು. ಯುರೋಪಿನ ನಿಯಮದಲ್ಲಿ ಅದಕ್ಕೆ ಲೀಟರಿಗೆ 4 ಗ್ರಾಂ ಮಿತಿ, ಹುಳಿ ಜಾಸ್ತಿ ಇದ್ದರೆ 9 ರವರೆಗೂ ಬಿಡುತ್ತಾರೆ. ಇಟಲಿಯ ಬಾಟಲಿಯಲ್ಲಿ 'ಸೆಕ್ಕೊ', ಜರ್ಮನಿಯದರಲ್ಲಿ 'ಟ್ರಾಕನ್' ಅಂದರೂ ಡ್ರೈ ಅಂತಲೇ. 'ಸೆಮಿ ಸ್ವೀಟ್', 'ಡೆಮಿ ಸೆಕ್', 'ಲೇಟ್ ಹಾರ್ವೆಸ್ಟ್', 'ಡೆಸರ್ಟ್', 'ಮೊಸ್ಕಾಟೊ', 'ಪೋರ್ಟ್' ಕಂಡರೆ ವಾಪಸ್ ಇಡಿ. 'ರಿಸರ್ವ್' ಅನ್ನುವ ಪದಕ್ಕೂ ಸಕ್ಕರೆಗೂ ಸಂಬಂಧವೇ ಇಲ್ಲ. 'ಆರ್ಗ್ಯಾನಿಕ್' ಅಂದರೂ ಅಷ್ಟೇ, ಸಾವಯವ ಬೆಲ್ಲವೂ ಬೆಲ್ಲವೇ.

ಗುಳ್ಳೆ ಬರುವ ವೈನ್‌ಗೆ ಬಂದರೆ ಲೆಕ್ಕ ತಲೆಕೆಳಗು, ಇಲ್ಲಿ ತುಂಬಾ ಜನ ಬೀಳುತ್ತಾರೆ. 'ಬ್ರೂಟ್ ನೇಚರ್' ಅಂದರೆ ಲೀಟರಿಗೆ 3 ಗ್ರಾಂಗಿಂತ ಕಡಿಮೆ. 'ಎಕ್ಸ್‌ಟ್ರಾ ಬ್ರೂಟ್' 6 ರವರೆಗೆ. 'ಬ್ರೂಟ್' 12 ಕ್ಕಿಂತ ಕಡಿಮೆ. ಇನ್ನು 'ಎಕ್ಸ್‌ಟ್ರಾ ಡ್ರೈ' ಅಂದರೆ ಎಲ್ಲಕ್ಕಿಂತ ಡ್ರೈ ಇರಬೇಕು ತಾನೇ? ಇಲ್ಲ, ಅದು 12 ರಿಂದ 17 ಗ್ರಾಂ! ಬರೀ 'ಡ್ರೈ' ಅಥವಾ 'ಸೆಕ್' ಅಂದರೆ 17 ರಿಂದ 32. ಅಂದರೆ ಗುಳ್ಳೆ ವೈನ್‌ನಲ್ಲಿ 'ಡ್ರೈ' ಅನ್ನುವುದು ಸಿಹಿ. ಈ ಹೆಸರಿಟ್ಟ ಪುಣ್ಯಾತ್ಮರು ಯಾರೋ. ಇಟಲಿಯ ಗುಳ್ಳೆ ವೈನ್ ಪ್ರೊಸೆಕ್ಕೊದ ಬಾಟಲಿಗಳಲ್ಲಿ 'ಎಕ್ಸ್‌ಟ್ರಾ ಡ್ರೈ' ತುಂಬಾ ಇರುತ್ತವೆ, ಹಾಗಾಗಿ ಪ್ರೊಸೆಕ್ಕೊ ತಗೊಂಡರೆ 'ಬ್ರೂಟ್' ಅಂತ ಬರೆದದ್ದನ್ನೇ ಹುಡುಕಿ.

ಯುರೋಪಿನ ಹೊಸ ಬಾಟಲಿಗಳಲ್ಲಿ ಒಂದು ಅನುಕೂಲ ಇದೆ. 2023ರ ಡಿಸೆಂಬರ್ 8 ರ ನಂತರ ತಯಾರಾದ ವೈನ್‌ಗೆ ಯುರೋಪಿಯನ್ ಒಕ್ಕೂಟದಲ್ಲಿ ಪೋಷಕಾಂಶಗಳ ಪಟ್ಟಿ ಕೊಡಲೇಬೇಕು. ಹೆಚ್ಚಿನವರು ಹಿಂದಿನ ಲೇಬಲ್ ಮೇಲೆ ಕ್ಯೂಆರ್ ಕೋಡ್ ಹಾಕಿರುತ್ತಾರೆ. ಫೋನ್‌ನಲ್ಲಿ ಸ್ಕ್ಯಾನ್ ಮಾಡಿದರೆ 100 ಎಂಎಲ್‌ಗೆ ಎಷ್ಟು ಕಾರ್ಬ್, ಅದರಲ್ಲಿ ಸಕ್ಕರೆ ಎಷ್ಟು ಅಂತ ಬರುತ್ತದೆ. ನೋಡಬೇಕಾದದ್ದು ಸಕ್ಕರೆಯ ಸಾಲು. ಕಾರ್ಬ್ 1 ಗ್ರಾಂ ಅಂತ ಇದ್ದು ಸಕ್ಕರೆ 0.2 ಅಂತ ಇದ್ದರೆ ಗಾಬರಿ ಬೇಡ, ಗ್ಲಿಸರಾಲ್ ಸೇರಿದ್ದಕ್ಕೆ ಹಾಗೆ. ಜರ್ಮನಿ, ಐರ್ಲೆಂಡ್ ಕಡೆ ಇರುವ ನಮ್ಮವರಿಗೆ ಇದು ವರ. ನಮ್ಮ ದೇಶದ ಬಾಟಲಿಗಳಲ್ಲಿ ಸಾಮಾನ್ಯವಾಗಿ ಸಕ್ಕರೆ ಎಷ್ಟು ಅಂತ ಬರೆದಿರುವುದಿಲ್ಲ. ಕೆಲವು ವೈನರಿಗಳು ತಮ್ಮ ಸೈಟ್‌ನಲ್ಲಿ ಟೆಕ್ ಶೀಟ್, ಅಂದರೆ ವೈನಿನ ವಿವರಪಟ್ಟಿ ಹಾಕಿರುತ್ತಾರೆ, ಅದರಲ್ಲಿ ಆರ್‌ಎಸ್ ಸಿಗಬಹುದು.

ಹೆಜ್ಜೆ 4: ಏನೂ ಬರೆದಿಲ್ಲವಾ? ಆಲ್ಕೋಹಾಲ್ ಶೇಕಡಾ ನೋಡಿ

ಇದನ್ನು ಮಾತ್ರ ಎಲ್ಲರೂ ಬರೆದೇ ಬರೆದಿರುತ್ತಾರೆ. 12.5 ರಿಂದ 14 ಶೇಕಡಾ ಇದ್ದರೆ ಈಸ್ಟ್ ಹೊಟ್ಟೆ ತುಂಬಾ ತಿಂದಿದೆ ಅಂತ ಲೆಕ್ಕ, ಹೆಚ್ಚಾಗಿ ಡ್ರೈ ಇರುತ್ತದೆ. 5 ರಿಂದ 9 ಇದ್ದರೆ ಅರ್ಧಕ್ಕೇ ನಿಲ್ಲಿಸಿರಬಹುದು. ಮೊಸ್ಕಾಟೊ ದಾಸ್ತಿ ಅನ್ನುವ ಇಟಲಿಯ ವೈನ್ 5 ಶೇಕಡಾ ಆಸುಪಾಸು, ಸಕ್ಕರೆ ಲೀಟರಿಗೆ 100 ಗ್ರಾಂ ಮೀರುತ್ತದೆ. "ಲೈಟ್ ಆಗಿದೆ, ಆಲ್ಕೋಹಾಲ್ ಕಡಿಮೆ" ಅಂತ ಅದನ್ನೇ ಆರಿಸುವವರು ಸಕ್ಕರೆಯನ್ನೇ ಆರಿಸಿದ ಹಾಗೆ. ಮೇಲ್ಗಡೆ 18, 20 ಶೇಕಡಾ ಇದ್ದರೂ ಹುಷಾರು. ಪೋರ್ಚುಗಲ್‌ನ ಪೋರ್ಟ್‌ನಲ್ಲಿ ಈಸ್ಟ್ ಕೆಲಸ ಮಾಡುತ್ತಿರುವಾಗಲೇ ದ್ರಾಕ್ಷಿಯ ಕಡಕ್ ಮದ್ಯ ಸುರಿದು ಅದನ್ನು ನಿಲ್ಲಿಸುತ್ತಾರೆ, ಸಕ್ಕರೆ ಹಾಗೇ ಉಳಿಯುತ್ತದೆ. ನಮ್ಮಲ್ಲಿ 'ಪೋರ್ಟ್' ಅಂತ ಮಾರುವ ಅಗ್ಗದ ವೈನ್ ಆ ಪೋರ್ಟ್‌ನ ದಾಯಾದಿಯೂ ಅಲ್ಲ, ಆದರೆ ಸಿಹಿಯಲ್ಲಿ ಅದನ್ನೇ ಹೋಲುತ್ತದೆ.

ಈ ಲೆಕ್ಕ ತಪ್ಪುವುದೂ ಉಂಟು. ಪೋರ್ಚುಗಲ್‌ನ ವಿನ್ಯೊ ವೆರ್ದೆ 10 ಶೇಕಡಾ ಇದ್ದೂ ಡ್ರೈ ಇರಬಹುದು, ದ್ರಾಕ್ಷಿಯಲ್ಲೇ ಸಕ್ಕರೆ ಕಡಿಮೆ. ಇತ್ತ ಅಮೆರಿಕದ ಸೂಪರ್‌ಮಾರ್ಕೆಟ್‌ನಲ್ಲಿ 'ರೆಡ್ ಬ್ಲೆಂಡ್', 'ಸ್ಮೂತ್' ಅಂತ ಮಾರುವ ಕೆಲವು ಅಗ್ಗದ ಕೆಂಪು ವೈನ್‌ಗಳು 13.5 ಶೇಕಡಾ ಇದ್ದೂ ಲೀಟರಿಗೆ 10 ಗ್ರಾಂ ಆಚೆ ಈಚೆ ಸಕ್ಕರೆ ಇಟ್ಟುಕೊಂಡಿರುತ್ತವೆ. ಅಲ್ಲಿರುವವರು ಇದನ್ನು ನೆನಪಿಡಿ.

ಹೆಜ್ಜೆ 5: ನಮ್ಮ ಅಂಗಡಿಗಳಲ್ಲಿ ಏನು ತಗೊಳ್ಳುವುದು

ಕೆಂಪಾದರೆ ಕ್ಯಾಬರ್ನೆ ಸೊವಿನ್ಯೋನ್ ಅಥವಾ ಶಿರಾಜ್ ಅನ್ನುವ ದ್ರಾಕ್ಷಿಯದು, ಕಣ್ಣು ಮುಚ್ಚಿ ತಗೊಳ್ಳಬಹುದಾದಷ್ಟು ಸುರಕ್ಷಿತ. ನಂದಿ ಬೆಟ್ಟದ ಬುಡದ ಗ್ರೋವರ್ ಜಂಪಾ ವೈನರಿಯ ಲಾ ರಿಸರ್ವ್ ಈ ಎರಡನ್ನೂ ಸೇರಿಸಿ ಮಾಡಿದ ಡ್ರೈ ವೈನ್. ಹಂಪಿ ಕಡೆಯ ಕೃಷ್ಮಾದವರೂ ಒಳ್ಳೆ ಕ್ಯಾಬರ್ನೆ ಮಾಡುತ್ತಾರೆ, ಬೆಲೆ ಮಾತ್ರ ಕೈ ಕಚ್ಚುತ್ತದೆ. ಬಿಳಿಯಾದರೆ ಸೊವಿನ್ಯೋನ್ ಬ್ಲಾಂಕ್ ತಗೊಳ್ಳಿ, ಚೆನಿನ್ ಬ್ಲಾಂಕ್ ಮಾತ್ರ ನೋಡಿ ತಗೊಳ್ಳಿ. ಅದೇ ದ್ರಾಕ್ಷಿಯಿಂದ ಡ್ರೈ ಕೂಡ ಮಾಡುತ್ತಾರೆ, ಆದರೆ ನಾಸಿಕ್ ಕಡೆಯಿಂದ ಬರುವ ಹೆಸರಾಂತ ಬಾಟಲಿಗಳಲ್ಲಿ ಸ್ವಲ್ಪ ಸಿಹಿ ಬಿಟ್ಟಿರುತ್ತಾರೆ, ನಮ್ಮ ನಾಲಿಗೆಗೆ ಅದು ಹಿಡಿಸುತ್ತದೆ ಅಂತ. ಕ್ಯಾನ್‌ನಲ್ಲಿ ಬರುವವುಗಳಲ್ಲೂ ಸಿಹಿಯವೇ ಜಾಸ್ತಿ, ಶೇಕಡಾ ನೋಡದೆ ಮುಟ್ಟಬೇಡಿ. ಬಿಳಿ ಬಾಟಲಿ ಎರಡು ಮೂರು ವರ್ಷದಿಂದ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಬಿಸಿಲು ಸೆಕೆ ತಿಂದು ನಿಂತಿದ್ದರೆ, ಡ್ರೈ ಆದರೂ ಬಿಟ್ಟುಬಿಡಿ. ಕಾರ್ಬ್ ಇರುವುದಿಲ್ಲ, ರುಚಿಯೂ ಇರುವುದಿಲ್ಲ.

ಮನೆ ವೈನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕ್ರಿಸ್‌ಮಸ್ ಬಂತು ಅಂದರೆ ಬೆಂಗಳೂರು, ಮಂಗಳೂರಿನ ಮನೆಗಳಲ್ಲಿ ಭರಣಿ ತುಂಬಾ ವೈನ್. ಮಡಿಕೇರಿ ಕಡೆ ಹೋದರೆ ಅಂಗಡಿ ಅಂಗಡಿಯಲ್ಲೂ 'ಹೋಂ ಮೇಡ್ ವೈನ್', ನೆಲ್ಲಿಕಾಯಿಯದು, ಶುಂಠಿಯದು, ವೀಳ್ಯದೆಲೆಯದು ಕೂಡ. ಪ್ರೀತಿಯಿಂದ ಮಾಡಿರುತ್ತಾರೆ, ಮನೆಯದಲ್ವಾ ಅಂತ ಕುಡಿಯುತ್ತೇವೆ. ನಮ್ಮ ಪಕ್ಕದ ಮನೆ ಆಂಟಿ ಹೇಳಿದ ಅಳತೆ ಇದು: ಬೆಂಗಳೂರು ಬ್ಲೂ ದ್ರಾಕ್ಷಿ ಒಂದು ಕೆಜಿ, ಸಕ್ಕರೆ ಒಂದು ಕೆಜಿ, ಕುದಿಸಿ ಆರಿಸಿದ ನೀರು ಒಂದೂವರೆ ಲೀಟರ್, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ, ಈಸ್ಟ್. ಕೂತು ಲೆಕ್ಕ ಹಾಕಿದೆ. ದ್ರಾಕ್ಷಿಯದೂ ಸೇರಿ 1,100 ಗ್ರಾಂ ಮೇಲೆ ಸಕ್ಕರೆ, ಎಲ್ಲಾ ಸೇರಿ ಮೂರು ಲೀಟರ್ ಒಳಗೆ. ಮನೆಯಲ್ಲಿ ಹಾಕುವ ಈಸ್ಟ್ ಹೆಚ್ಚೆಂದರೆ 14, 15 ಶೇಕಡಾ ಬರುವ ಹೊತ್ತಿಗೆ ಸಾಮಾನ್ಯವಾಗಿ ಅದಕ್ಕೇ ಮತ್ತೇರಿ ಸುಸ್ತಾಗುತ್ತದೆ, ಅಂದರೆ ಲೀಟರಿಗೆ ಸುಮಾರು 250 ಗ್ರಾಂ ತಿಂದು ಮಲಗುತ್ತದೆ. ಮಿಕ್ಕದ್ದು ಲೀಟರಿಗೆ 100 ಗ್ರಾಂಗಿಂತ ಮೇಲೆ ಹಾಗೇ ಉಳಿಯುತ್ತದೆ. ಆಂಟಿಗೆ ಇದನ್ನೆಲ್ಲಾ ಹೇಳಲು ಹೋಗಲಿಲ್ಲ. ಪುಟ್ಟ ಲೋಟದಲ್ಲಿ ಎರಡು ಗುಟುಕು ಕುಡಿದು, ಪ್ಲಮ್ ಕೇಕ್ ಬಿಟ್ಟು ಬಂದೆ. ಎರಡರಲ್ಲಿ ಒಂದು ಅಂತ.

ಹೆಜ್ಜೆ 6: ನಾಲಿಗೆ ಮೋಸ ಮಾಡುವ ಜಾಗಗಳು

ಹಣ್ಣಿನ ಘಮ ಬಂದರೆ ಸಿಹಿ ಅಂತ ಅನಿಸುತ್ತದೆ, ಅದು ಮೂಗಿನ ಆಟ. ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿಯಿರಿ, ಸಿಹಿ ಇದ್ದರೆ ಆಗಲೂ ಗೊತ್ತಾಗುತ್ತದೆ. ಹೋಟೆಲಿನಲ್ಲಿ ಹೀಗೆ ಮಾಡಿದರೆ ಎದುರಿಗೆ ಕೂತವರು ನೋಡುತ್ತಾರೆ, ನೋಡಲಿ ಬಿಡಿ. ಕೆಂಪು ವೈನ್ ಬಾಯಿ ಒಣಗಿಸಿದರೆ ಡ್ರೈ ಅಂದುಕೊಳ್ಳುವುದೂ ತಪ್ಪು. ಅದು ಒಗರು, ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಆ ಥರ. ಒಗರೂ ಸಕ್ಕರೆಯೂ ಒಟ್ಟಿಗೇ ಇರಬಹುದು. ಹುಳಿಯಂತೂ ದೊಡ್ಡ ಮೋಸಗಾರ. ನಿಂಬೆ ಪಾನಕಕ್ಕೆ ಎರಡು ನಿಂಬೆಹಣ್ಣು ಹಿಂಡಿದರೆ ಮೂರು ಚಮಚ ಸಕ್ಕರೆ ಹಾಕಿದರೂ "ಇನ್ನೂ ಸ್ವಲ್ಪ ಹಾಕು" ಅನ್ನುತ್ತೇವೆ. ಬ್ರೂಟ್‌ನಲ್ಲಿ 10 ಗ್ರಾಂ ಇದ್ದರೂ ಸಿಹಿ ತಿಳಿಯದೇ ಇರುವುದು ಇದಕ್ಕೇ. ಗ್ಲಾಸಿನ ಒಳಗೋಡೆಯಲ್ಲಿ ಹನಿಹನಿಯಾಗಿ ಇಳಿಯುವುದನ್ನು ನೋಡಿ ಸಕ್ಕರೆ ಹೇಳುವವರೂ ಇದ್ದಾರೆ. ಅದು ಮುಖ್ಯವಾಗಿ ಆಲ್ಕೋಹಾಲ್‌ನ ಗುರುತು.

ನಾನು ಇನ್ನೂ ಬುದ್ಧಿವಂತಳಾಗಲು ಹೋಗಿ ಅಪ್ಪನ ಗ್ಲೂಕೋಮೀಟರ್ ತಂದು ಆ ಶರಬತ್ತಿನಂಥ ಪೋರ್ಟ್‌ನ ಒಂದು ಹನಿಯನ್ನು ಸ್ಟ್ರಿಪ್ ಮೇಲೆ ಇಟ್ಟಿದ್ದೆ. ಮೊದಲು ಎರರ್ ಬಂತು, ಎರಡನೇ ಸಲ ಏನೋ ಅರ್ಥವಿಲ್ಲದ ನಂಬರ್. ಆ ಮೀಟರ್ ಇರುವುದು ರಕ್ತಕ್ಕೆ, ವೈನ್‌ಗಲ್ಲ. ಜೊತೆಗೆ ಅದು ಅಳೆಯುವುದು ಗ್ಲೂಕೋಸ್ ಮಾತ್ರ. ಈಸ್ಟ್ ಮೊದಲು ತಿನ್ನುವುದೇ ಗ್ಲೂಕೋಸ್, ಹಾಗಾಗಿ ಉಳಿಯುವುದರಲ್ಲಿ ಫ್ರಕ್ಟೋಸೇ ಜಾಸ್ತಿ. ಎರಡು ಸ್ಟ್ರಿಪ್ ದಂಡ, ಅಪ್ಪನ ಹತ್ತಿರ ಬೈಗುಳ ಬೇರೆ.

ಹೆಜ್ಜೆ 7: ಗ್ಲಾಸ್ ಅಳೆಯಿರಿ

ಮನೆಯಲ್ಲಿ ನೀವು ಸುರಿಯುವ 'ಒಂದು ಗ್ಲಾಸ್' ಎಷ್ಟು? ನೀರು ಹಾಕಿ ಅಳೆದು ನೋಡಿ. ನನ್ನದು 230 ಎಂಎಲ್ ಬಂತು. 750 ಎಂಎಲ್ ಬಾಟಲಿಯಲ್ಲಿ ಐದು ಗ್ಲಾಸ್ ಬರಬೇಕು, ನನಗೆ ಮೂರೇ ಬರುತ್ತಿದ್ದವು. ಈಗ ಗ್ಲಾಸಿನ ಹೊರಗೆ ನೇಲ್ ಪಾಲಿಶ್‌ನಿಂದ 150 ಕ್ಕೆ ಒಂದು ಗೆರೆ ಎಳೆದಿದ್ದೇನೆ. ನೋಡಲು ಚೆನ್ನಾಗಿಲ್ಲ, ಕೆಲಸ ಮಾಡುತ್ತದೆ.

ಡ್ರೈ ವೈನ್‌ಗೆ ಕಾರ್ಬ್ ಇಲ್ಲ ಅಂತ ಲೆಕ್ಕವೇ ಇಲ್ಲದೆ ಕುಡಿಯುವಂತಿಲ್ಲ. 13 ಶೇಕಡಾದ 150 ಎಂಎಲ್‌ನಲ್ಲಿ ಸುಮಾರು 15 ಗ್ರಾಂ ಆಲ್ಕೋಹಾಲ್, ಗ್ರಾಂಗೆ 7 ರಂತೆ 105 ಕ್ಯಾಲರಿ ಆಲ್ಕೋಹಾಲ್‌ನಿಂದಲೇ ಬರುತ್ತದೆ. ಲಿವರ್ ಅದನ್ನು ಸುಟ್ಟು ಮುಗಿಸುವವರೆಗೆ ಕೊಬ್ಬು ಕರಗುವ ಕೆಲಸ ನಿಧಾನ. "ಕಾರ್ಬ್ ಸೊನ್ನೆ, ಆದರೂ ತೂಕ ಇಳಿಯುತ್ತಿಲ್ಲ" ಅನ್ನುವವರು ಮೊದಲು ವಾರಕ್ಕೆ ಎಷ್ಟು ಗ್ಲಾಸ್ ಅಂತ ಎಣಿಸಿ. ಇನ್ನೊಂದು, ಅನ್ನ ಬಿಟ್ಟ ಮೇಲೆ ಬೇಗ ತಲೆಗೇರುತ್ತದೆ ಅಂತ ತುಂಬಾ ಜನ ಹೇಳುತ್ತಾರೆ, ನನಗೂ ಹಾಗೇ ಆಗಿದೆ. ಮೊದಲು ಎರಡು ಗ್ಲಾಸ್‌ಗೆ ಏನೂ ಆಗದವಳು ಈಗ ಒಂದಕ್ಕೇ ಕತೆ ಹೇಳಲು ಶುರು ಮಾಡುತ್ತೇನೆ. ಗಾಡಿ ಕೀ ಮನೆಯಲ್ಲೇ ಬಿಟ್ಟು ಹೋಗಿ.

ಹೆಜ್ಜೆ 8: ಹೊರಗೆ ಹೋದಾಗ, ಮತ್ತು ಸೈಡ್ಸ್

ಪಬ್‌ನ ಸಾಂಗ್ರಿಯಾ ಬೇಡ. ವೈನ್‌ಗೆ ಜ್ಯೂಸ್, ಸಕ್ಕರೆ ಪಾಕ ಸುರಿದು ಜಗ್‌ನಲ್ಲಿ ಕೊಡುತ್ತಾರೆ. ಚಳಿಗಾಲದ ಮಸಾಲೆ ಬಿಸಿ ವೈನ್‌ನಲ್ಲೂ ಸಕ್ಕರೆ ಇರುತ್ತದೆ. ಬಿಳಿ ವೈನ್‌ಗೆ ಸಾದಾ ಸೋಡಾ ಸೇರಿಸಿ ಐಸ್ ಹಾಕಿಸಿಕೊಳ್ಳಿ, ಒಂದು ಗ್ಲಾಸ್ ಎರಡಾಗುತ್ತದೆ. ಸೋಡಾ ಅಂತ ಬಿಡಿಸಿ ಹೇಳಿ. ಟಾನಿಕ್ ನೀರು ಸುರಿದುಬಿಟ್ಟರೆ ಅದರಲ್ಲೂ ಸಕ್ಕರೆ.

ನಿಜ ಹೇಳಬೇಕೆಂದರೆ ಡಯಟ್ ಹಾಳಾಗುವುದು ವೈನ್‌ನಿಂದಲ್ಲ, ಅದರ ಪಕ್ಕದ ತಟ್ಟೆಯಿಂದ. ಗೋಬಿ ಮಂಚೂರಿಯಲ್ಲಿ ಹೂಕೋಸಿಗಿಂತ ಕಾರ್ನ್‌ಫ್ಲೋರ್ ಜಾಸ್ತಿ. ಕಾಂಗ್ರೆಸ್ ಕಡಲೇಕಾಯಿ ಒಂದು ಹಿಡಿಗೆ 5 ಗ್ರಾಂ ಕಾರ್ಬ್, ಆದರೆ ಒಂದು ಹಿಡಿಗೆ ನಿಲ್ಲಿಸಿದವರನ್ನು ನಾನಂತೂ ನೋಡಿಲ್ಲ. ಮೀನು ಬೇಕಾದರೆ ರವಾ ಫ್ರೈ ಬಿಟ್ಟು ತವಾ ಫ್ರೈ ಹೇಳಿ. ಪನೀರ್ ಟಿಕ್ಕಾ, ಕೋಳಿ ಸುಕ್ಕ ಆಗಬಹುದು, ನೀರ್ ದೋಸೆ ಬೇಡ. ಪಂದಿ ಕರಿ ಸಿಕ್ಕರೆ ಪುಣ್ಯ, ಕಾಚಂಪುಳಿಯ ಹುಳಿಗೂ ಕಾರಕ್ಕೂ ಶಿರಾಜ್ ಒಳ್ಳೇ ಜೋಡಿ. ಅಕ್ಕಿಯ ಕಡಂಬುಟ್ಟು ಮಾತ್ರ ಪಕ್ಕದವರ ತಟ್ಟೆಗೆ ದಾಟಿಸಿ.

ಮನೆಯಲ್ಲಿ ಕುಡಿಯುವವರು ಒಬ್ಬರೇ ಆದರೆ 375 ಎಂಎಲ್‌ನ ಅರ್ಧ ಬಾಟಲಿ ಕೇಳಿ. ದೊಡ್ಡದೇ ತಂದರೆ ಮುಚ್ಚಳ ಬಿಗಿ ಮಾಡಿ ಫ್ರಿಜ್‌ನಲ್ಲಿಡಿ, ಕೆಂಪಾದರೂ ಅಷ್ಟೇ, ಮೂರು ದಿನ ತಡೆಯುತ್ತದೆ. "ಹಾಳಾಗುತ್ತಲ್ಲಾ" ಅಂತ ಮುಗಿಸಲು ಕೂರಬೇಡಿ. ಉಳಿದ ಕೆಂಪು ವೈನನ್ನು ಮಟನ್ ಹುರಿಯುವಾಗ ಅರ್ಧ ಲೋಟ ಹಾಕಿ, ಟೊಮೇಟೊ ಒಂದು ಕಡಿಮೆ ಮಾಡಿ, ಕುಕ್ಕರ್ ಮುಚ್ಚುವ ಮೊದಲು ಐದು ನಿಮಿಷ ಚೆನ್ನಾಗಿ ಕುದಿಸಿಬಿಡಿ.